ಶ್ರಾವಣದಲ್ಲಿ ಇಳಿಸಿಟ್ಟ ಈಟಿ

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಒಂದು ಪಂಕ್ಚರ್ ಅಂಗಡಿ ಇದೆ. ಹೋದ ವಾರ ನನ್ನ ಗಾಡಿಯ ಹಿಂದಿನ ಗಾಲಿ ನೆಲ ಕಚ್ಚಿದ್ದಕ್ಕೆ ಅಲ್ಲಿಯವರೆಗೆ ತಳ್ಳಿಕೊಂಡು ಹೋಗಿದ್ದೆ. ಅಂಗಡಿಯ ಮುದುಕ ಟ್ಯೂಬು ಹೊರಗೆಳೆದು, ಗಾಳಿ ತುಂಬಿ, ಮುಂದಿದ್ದ ಟಬ್ಬಿನ ನೀರಿನಲ್ಲಿ ಅದ್ದಿ ಹಿಡಿದ. ಕಪ್ಪು ನೀರಿನೊಳಗಿಂದ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಅವುಗಳ ಜೊತೆ ಒದ್ದೆ ರಬ್ಬರಿನ ವಾಸನೆ.

ಆ ವಾಸನೆ ಬಂದರೆ ಸಾಕು, ನನಗೆ ಎಡಗಿವಿಯಲ್ಲಿ ನೀರು ಹೊಕ್ಕಂತಾಗುತ್ತದೆ. ಆ ಕಿವಿ ಈಗ ಕೇಳುವುದಿಲ್ಲ. ಅದನ್ನು ಜೈನಾಪುರದ ಆಚೆಯ ಕೆರೆಯ ತಳದಲ್ಲಿ ಬಿಟ್ಟು ಬಂದಿದ್ದೇನೆ. ಅಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ, ನೀರಿನೊಳಗೆ ಮುಳುಗಿ ಈಟಿಯಿಂದ ಮೀನು ಹೊಡೆಯುವ ಕೆಲಸ ಮಾಡಿದೆ. ಕದ್ದು ಮಾಡಿದ್ದಲ್ಲ. ಸರಕಾರದ ಒಪ್ಪಿಗೆ ತೆಗೆದುಕೊಂಡು, ಹಾಡುಹಗಲಲ್ಲಿ, ದಂಡೆಯ ಮೇಲೆ ಊರು ನಿಂತು ನೋಡುತ್ತಿರುವಾಗ ಮಾಡಿದ್ದು.

ನಮ್ಮದು ಇಟ್ಟಂಗಿಹಾಳ. ಸಾಲಿಯನ್ನು ಐದನೆಯ ಇಯತ್ತೆಗೇ ಬಿಟ್ಟವನು ನಾನು. ಅಪ್ಪ ಬಾವಿ ತೋಡುತ್ತಿದ್ದ. ತೋಡಿ ನೀರು ತುಂಬಿದ ಬಾವಿಗಳಿಗೆ ನಾನು ಇಳಿಯುತ್ತಿದ್ದೆ. ಪಂಪಿನ ಪೈಪಿನ ತುದಿ ಕೆಸರು ಕಚ್ಚಿದರೆ, ಹಗ್ಗ ಹರಿದು ಮೋಟಾರು ತಳ ಸೇರಿದರೆ, ತಿಕೋಟಾದಿಂದ ಬಬಲೇಶ್ವರದವರೆಗೆ ನನಗೇ ಹೇಳಿ ಕಳಿಸುತ್ತಿದ್ದರು. ನಾನು ಹೋದಲ್ಲಿ ಗೌಡರೇ ಇರಲಿ, ಯಾರೇ ಇರಲಿ, ಬಾವಿಕಟ್ಟೆಯ ಮೇಲೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ನಾನು ಒಳಗೆ ಹಿಡಿದ ಹಾಗೆ. ಯಾರ ಮುಂದೂ ಕೈಯೊಡ್ಡದೆ ಮನೆ ಕಟ್ಟಿದ್ದು ಆ ಉಸಿರಿನ ಮೇಲೆ. ಆಮೇಲೆ ಊರೂರಿಗೆ ಬೋರ್‌ವೆಲ್ ಬಂತು. ಗೇಣಗಲದ ತೂತಿನಲ್ಲಿ ಉಸಿರು ಕಟ್ಟುವವನಿಗೆ ಏನು ಕೆಲಸ? ವಿಜಯಪುರದಲ್ಲಿ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಸೇರಿದೆ. ಸೇರಿದ ಕೆಲಸವನ್ನು ಚೆನ್ನಾಗಿಯೇ ಕಲಿತೆ. ಆದರೆ ನನ್ನಂಥವನು ನೆರಳಲ್ಲಿ ಕುಳಿತು ದುಡಿಯುವುದು ನನಗೇ ಸರಿ ಕಾಣುತ್ತಿರಲಿಲ್ಲ.

ಹೋಳಿ ಮುಗಿದ ಮೇಲೆ ದಸ್ತಗೀರ ಅಂಗಡಿಗೆ ಬಂದ. ಅವನು ಜೈನಾಪುರದ ಕಡೆಯವನು, ನನ್ನ ಹಳೆಯ ಗೆಳೆಯ, ಆ ಕೆರೆಯ ಮೀನುಗಾರರ ಸಂಘದ ಹಿರಿಯ. ಬಂದವನೇ ಸ್ಟೂಲಿನ ಮೇಲೆ ಕುಳಿತು ಹೇಳಿದ.

"ಸಂಗಪ್ಪ, ನಿನ್ನ ಉಸರ ಬೇಕಾಗೇತಿ ನನಗ."

"ಅದನ್ನ ನಿನಗ ಕೊಟ್ಟ ಮ್ಯಾಲ ನಾ ಏನ ಮಾಡಲಿ?"

"ಚಾಷ್ಟಿ ಅಲ್ಲಲೇ. ಕೆರಿಯೊಳಗ ಮೀಸಿ ಮೀನ ಸೇರ್ಯಾವ. ನಾವು ಬಿಟ್ಟ ಮರೀನೆಲ್ಲ ನುಂಗಾಕತ್ತಾವ. ಬಲಿ ಹಾಕಿದ್ರ ಕೆಸರಿನಾಗ ಹೊಕ್ಕೊಂಡ ಕುಂಡರತಾವ. ಒಳಗ ಹೋಗಿ ಹೊಡಿಯವ್ರು ಬೇಕು."

ಆ ಕೆರೆಯ ಸಂಗತಿ ಹೇಳಬೇಕು. ನಾವು ಹುಡುಗರಿದ್ದಾಗ ಅದು ಹೆಸರಿಗಷ್ಟೇ ಕೆರೆ. ಅದರ ಅಂಗಳದಲ್ಲಿ ಬಿಳಿಜೋಳ ಬಿತ್ತುತ್ತಿದ್ದರು, ಜಾಲಿ ಬೆಳೆದಿತ್ತು, ನಡುಮಧ್ಯೆ ಒಬ್ಬರು ಬಾವಿಯನ್ನೂ ತೋಡಿಸಿದ್ದರು. ಆ ಬಾವಿಗೂ ನಾನು ಇಳಿದಿದ್ದೆ. ದಸ್ತಗೀರನ ಅಪ್ಪ ಮೀನು ಹಿಡಿಯುವವನಾಗಿ ಹುಟ್ಟಿ, ಹಿಡಿಯಲು ನೀರಿಲ್ಲದೆ ಕಲ್ಲು ಒಡೆದು ಸತ್ತವನು. ಆದರೂ ಬಲೆ ಮಾರಲಿಲ್ಲ. ಅಟ್ಟದ ಮೇಲೆ ಬೇವಿನ ಎಲೆ ಹಾಕಿ ಸುತ್ತಿಟ್ಟಿದ್ದ. ಆಮೇಲೆ ಕೃಷ್ಣೆಯ ನೀರನ್ನು ಪೈಪಿನಲ್ಲಿ ಎತ್ತಿ ತಂದು ನಮ್ಮ ಕಡೆಯ ಕೆರೆಗಳನ್ನೆಲ್ಲ ತುಂಬಿಸಿದರು. ಜಾಲಿ ಮುಳುಗಿತು, ಬಾವಿ ಮುಳುಗಿತು. ದಸ್ತಗೀರ ಅಪ್ಪನ ಬಲೆ ಇಳಿಸಿ ಹೊಲಿದುಕೊಂಡ, ಹತ್ತಾರು ಮನೆಗಳನ್ನು ಕೂಡಿಸಿ ಸಂಘ ಕಟ್ಟಿದ, ಕಾಟ್ಲಾ, ರೋಹು ಮರಿ ತಂದು ಬಿಟ್ಟ. ಎರಡು ವರ್ಷ ಚೆನ್ನಾಗಿ ನಡೆಯಿತು. ಮೂರನೆಯ ವರ್ಷ ನೀರಿನ ಜೊತೆ ಮೀಸೆ ಮೀನು ಬಂತು. ಆಫ್ರಿಕಾದ ಕ್ಯಾಟ್‌ಫಿಶ್ ಅಂತ ಅದರ ಹೆಸರು. ಸಾಕುವುದಕ್ಕೂ ಮಾರುವುದಕ್ಕೂ ಸರಕಾರದ ನಿಷೇಧವಿದ್ದ ಮೀನು. ಬಾಯಿ ಸುತ್ತ ಮೀಸೆ, ಕಲ್ಲಿನಂಥ ತಲೆ, ಹೊಟ್ಟೆಗೆ ತಳವಿಲ್ಲ.

ಆ ವರ್ಷ ಸಂಘದ ಗುತ್ತಿಗೆಯ ಕೊನೆಯ ವರ್ಷ.

"ದೀಪಾವಳಿಗೆ ಬಲಿ ತುಂಬಲಿಲ್ಲಂದ್ರ ಮುಂದಿನ ಗುತ್ತಿಗಿಗೆ ರೊಕ್ಕ ಹುಟ್ಟೂದಿಲ್ಲ, ಕೆರಿ ನಮ್ಮ ಕೈಯಾಗ ಉಳಿಯೂದಿಲ್ಲ," ಅಂದ ದಸ್ತಗೀರ. "ಹೊರಗಿನವ್ರು ಬಂದು ಹಿಡಿತಾರ. ನಮ್ಮಪ್ಪ ನೀರ ನೋಡದ ಸತ್ತ. ನಾ ನೀರ ನೋಡಿ, ದಂಡಿ ಮ್ಯಾಲ ಕುಂತ ಸಾಯಬೇಕಾಗತೈತಿ."

ಮೀನುಗಾರಿಕೆ ಇಲಾಖೆಯ ಸಾಹೇಬರು ಬಂದು ನೋಡಿ ಒಪ್ಪಿಗೆ ಕೊಟ್ಟರು. ಹಗಲಲ್ಲೇ ಹೊಡೆಯಬೇಕು, ಆ ಮೀನನ್ನಷ್ಟೇ ಹೊಡೆಯಬೇಕು, ಮಾರಬಾರದು, ಸುಣ್ಣ ಹಾಕಿ ಹೂಳಬೇಕು. ನೀರಿಗಿಳಿಯುವವನು ನಾನೊಬ್ಬನೇ. ನನಗೆ ಅದು ಸಾಕಿತ್ತು. ಅಂಗಡಿಯ ಮಾಲೀಕರಿಗೆ ಹೇಳಿ ಕೆಲಸ ಬಿಟ್ಟೆ.

ಈಟಿಯನ್ನು ನಾನೇ ಮಾಡಿಕೊಂಡೆ. ಜಾಲಿ ಕಟ್ಟಿಗೆಯ ಉದ್ದನೆಯ ಹಿಡಿ, ಅದರ ಬೆನ್ನಿಗೆ ಕಬ್ಬಿಣದ ಸರಳು ಜಾರುವಂತೆ ಕೊರೆದ ಗೀರು. ತಿಕೋಟಾದ ಕಮ್ಮಾರನ ಹತ್ತಿರ ಸರಳಿನ ತುದಿ ಬಡಿಸಿ ಹಿಮ್ಮುಳ್ಳು ಕೂಡಿಸಿದೆ. ಸರಳನ್ನು ದೂಡುವುದಕ್ಕೆ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಹೆಣೆದ ಪಟ್ಟಿ. ಹಿಂದಕ್ಕೆಳೆದು ಬಿಟ್ಟರೆ ನೀರಿನಲ್ಲೂ ಒಂದು ಮಾರು ದೂರ ಸೀದಾ ಹೋಗುತ್ತಿತ್ತು. ಮನೆಯ ಅಂಗಳದಲ್ಲಿ ಟ್ಯೂಬು ಸೀಳುತ್ತ ಕುಳಿತಾಗ ನನ್ನ ಹೆಂಡತಿ ನೀಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡಿದಳು.

"ನೆಲದ ಮ್ಯಾಲ ದುಡದದ್ದ ಸಾಲಲಿಲ್ಲ ಅಂತ ಮತ್ತ ನೀರಿಗೆ ಹೊಂಟೀರಿ. ಹುಡುಗೂರ ಗುಬ್ಬಿ ಹೊಡಿಯೂ ಕವಣಿ ಇದ್ದಂಗ ಐತಿ ಅದು."

"ಗುಬ್ಬಿ ಅಲ್ಲ. ನಾಯಿಯಷ್ಟ ಐತಿ ಆ ಮೀನ."

"ಹಂಗಾದ್ರ ಅದು ನಿಮ್ಮನ್ನ ಹಿಡಿಯೂದು ಬರೋಬ್ಬರಿ."

ಮೊದಲ ದಿನ ಮುಳುಗಿದಾಗ ನನಗೆ ಗಾಬರಿಯಾಯಿತು. ಬಾವಿಯಲ್ಲಿ ನಾಲ್ಕೂ ಕಡೆ ಕಲ್ಲಿರುತ್ತದೆ. ಕೈ ಚಾಚಿದರೆ ಗೋಡೆ, ತಲೆ ಎತ್ತಿದರೆ ಬೆಳಕಿನ ಒಂದು ತಟ್ಟೆ. ಕೆರೆಗೆ ಗೋಡೆಯೇ ಇಲ್ಲ. ಹಸಿರು ನೀರು, ಚಾಚಿದ ಕೈಯಾಚೆ ಮಬ್ಬು. ಮುಳುಗಿದ ಜಾಲಿ ಮರಗಳು ಎಲೆಯಿಲ್ಲದೆ, ಪಾಚಿ ತೊಟ್ಟುಕೊಂಡು ನಿಂತಿದ್ದವು. ಬೇಸಾಯದ ಕಾಲದ ಬದುವುಗಳು ಬದುವುಗಳಾಗಿಯೇ ಇದ್ದವು. ನಾನು ಮನುಷ್ಯರು ನಡೆದಾಡಿದ ಹೊಲದ ಮೇಲೆ ಹಾರುತ್ತಿದ್ದೇನೆ ಅನ್ನಿಸಿತು.

ಮೀಸೆ ಮೀನಿನ ಗುಣ ತಿಳಿಯುವುದಕ್ಕೆ ಕೆಲವು ದಿನ ಹಿಡಿದವು. ಅದು ಬರೀ ನೀರು ಕುಡಿದು ಬದುಕುವ ಮೀನಲ್ಲ. ನನ್ನ ಹಾಗೆ ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗಬೇಕು. ಅಲ್ಲೇ ಅದು ನನಗೆ ಸಿಗುತ್ತಿತ್ತು. ಮೇಲೆ ಬಂದು ಗುಳುಕ್ ಎಂದು ತಿರುಗಿ ಇಳಿಯುವ ದಾರಿಯಲ್ಲಿ, ಜಾಲಿ ಬೊಡ್ಡೆಯ ಬದಿಗೆ ಅಲುಗಾಡದೆ ಕಾಯಬೇಕು. ತಲೆಗೆ ಹೊಡೆದರೆ ಸರಳು ಬಾಗುತ್ತದೆ. ಕಿವಿರಿನ ಹಿಂದೆ, ಒಂದು ಅಂಗೈಯಷ್ಟು ಜಾಗ. ಅಲ್ಲಿ ಬಿದ್ದರೆ ಮಾತ್ರ ನಿಲ್ಲುತ್ತದೆ. ಮೊದಲು ಹೊಡೆದ ಮೀನನ್ನು ದಸ್ತಗೀರ ದಂಡೆಯ ಕಲ್ಲಿನ ಮೇಲೆ ಸೀಳಿದ. ಹೊಟ್ಟೆಯ ತುಂಬ ರೋಹುವಿನ ಮರಿಗಳು, ಇನ್ನೂ ಬೆಳ್ಳಗೆ ಹೊಳೆಯುತ್ತಿದ್ದವು. ಅವನು ಅವನ್ನು ಅಂಗೈಯಲ್ಲಿ ಹಿಡಿದು ನೀರಿಗೆ ಬಿಟ್ಟ. ಸತ್ತ ಮರಿಗಳು. ಆದರೂ ಬಿಟ್ಟ, ಒಂದು ಗಳಿಗೆ ನೋಡಿದ. ಅವು ತೇಲಿದವು.

ಯುಗಾದಿಯಿಂದ ಆಷಾಢದವರೆಗೆ ದಿನವೂ ಇಳಿದೆ. ಬೆಳಿಗ್ಗೆ ಗಾಳಿ ಏಳುವ ಮೊದಲು ಶುರು, ಬಿಸಿಲು ನೆತ್ತಿಗೆ ಬಂದಾಗ ರೊಟ್ಟಿ, ಮತ್ತೆ ಸಂಜೆಯವರೆಗೆ. ಬೆರಳ ತುದಿಗಳು ಬೆಂದ ಕಡಲೆಯ ಹಾಗೆ ಸುಕ್ಕುಗಟ್ಟಿ ಹಾಗೆಯೇ ಉಳಿದವು. ಹೊಡೆದದ್ದನ್ನು ಬೇವಿನ ಮರದಡಿ ಗುಂಡಿ ತೋಡಿ ಹೂಳುತ್ತಿದ್ದೆವು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಶಾಂತವ್ವಾಯಿಗೆ ಇದು ದಿನದ ಮೋಜು.

"ಏನಪಾ ಸಂಗಪ್ಪ, ಮಂದಿ ಮೀನ ಹಿಡದ ತಿಂತಾರ, ನೀ ಹಿಡದ ಮಣ್ಣ ಮಾಡತೀದಿ. ಎಳ್ಳು ನೀರ ಬಿಡೂದಷ್ಟ ಉಳದೈತಿ ನೋಡು."

"ಅದನ್ನ ನೀನ ಬಿಡ ಬೇ ಆಯಿ. ನಿನ್ನ ಕೈ ಹೆಂಗೂ ತೊಯ್ದಾವಲ್ಲ."

ಆಷಾಢದ ಹೊತ್ತಿಗೆ ಗುಳುಕ್ ಸದ್ದು ಅಪರೂಪವಾಯಿತು. ಅರ್ಧ ದಿನ ಕಾದರೂ ಒಂದು ಸಿಗದ ದಿನಗಳಿದ್ದವು. ಬಲೆ ಹಾಕಿ ನೋಡಿದರೆ ಅಂಗೈಯಗಲದ ಕಾಟ್ಲಾಗಳು ಬಿದ್ದವು, ತಿರುಗಿ ಬಿಟ್ಟೆವು. ದಸ್ತಗೀರ ನಕ್ಕದ್ದನ್ನು ನಾನು ಆ ವರ್ಷ ನೋಡಿದ್ದು ಅದೇ ವಾರದಲ್ಲಿ. ಉಳಿದ ಮೀಸೆ ಮೀನುಗಳು ಎಲ್ಲಿವೆ ಎಂಬುದೂ ನನಗೆ ಗೊತ್ತಿತ್ತು. ನಡುವಿನ ಆ ಹಳೆಯ ಬಾವಿಯಲ್ಲಿ. ಅದರ ಬಾಯಿಯವರೆಗೆ ಹೋಗಿ ಬಂದಿದ್ದೆ. ಕೆರೆಯ ತಳಕ್ಕೆ ಮುಳುಗಿ, ಮತ್ತೆ ಅಲ್ಲಿಂದ ಬಾವಿಯೊಳಗೆ ಇಳಿಯುವಷ್ಟು ಉಸಿರು ನನಗಿದೆಯೋ ಇಲ್ಲವೋ ಎಂದು ಇನ್ನೂ ಅಳೆದಿರಲಿಲ್ಲ.

ಅಷ್ಟರಲ್ಲಿ ಶ್ರಾವಣ ಬಂತು.

ಆ ಕೆರೆಯಲ್ಲಿ ಶ್ರಾವಣಕ್ಕೆ ಯಾರೂ ಜೀವ ತೆಗೆಯುವುದಿಲ್ಲ. ಯಾರು ಹೇಳಿದ್ದೋ ತಿಳಿಯದು. ನೀರಿದ್ದ ಕಾಲದಲ್ಲಿ ಹಿರಿಯರು ನಡೆಸಿದ್ದು, ನೀರು ಮತ್ತೆ ಬಂದಾಗ ಜೊತೆಗೇ ಬಂದದ್ದು. ತಿಂಗಳ ಮೊದಲ ದಿನ ಬಲೆಗಳನ್ನು ತೊಳೆದು, ಒಣಗಿಸಿ, ಮಡಿಸಿ, ಕಟ್ಟೆಯ ಮೇಲೆ ಸಾಲಾಗಿ ಇಡುತ್ತಾರೆ. ಹಿಂದೂಗಳ ಬಲೆ, ಮುಸಲ್ಮಾನರ ಬಲೆ ಅಂತಿಲ್ಲ. ಅಮಾವಾಸ್ಯೆ ಕಳೆದ ಮೇಲೆಯೇ ಎತ್ತುವುದು. ದಸ್ತಗೀರ ಅಪ್ಪನ ಬಲೆ ಇಟ್ಟ. ಪಕ್ಕದಲ್ಲಿ ನನ್ನ ಈಟಿ ಇಟ್ಟೆ. ನಮ್ಮ ಮನೆಯಲ್ಲೂ ಅವ್ವನ ಕಾಲದಿಂದ ಶ್ರಾವಣ ನಡೆದುಬಂದಿದೆ. ಮೀಸೆ ಮೀನಿಗೆ ಈ ಮಾತು ಸಲ್ಲುತ್ತದೋ ಇಲ್ಲವೋ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಒಂದು ತಿಂಗಳಲ್ಲವೇ.

ಆ ತಿಂಗಳೇ ಕೃಷ್ಣೆ ತುಂಬಿದಳು. ಪೈಪಿನಲ್ಲಿ ಕೆಂಪು ನೀರು ಬಂತು, ಮೇಲಿಂದ ಮಳೆಯೂ ಬಂತು. ಕೆರೆ ದಂಡೆ ಮೀರಿ ಹುಲ್ಲಿಗೆ ಏರಿತು. ಒಂದು ಬೆಳಿಗ್ಗೆ ಜಿನುಗು ಮಳೆಯಲ್ಲಿ ಶಾಂತವ್ವಾಯಿ ಕೂಗಿದಳೆಂದು ಎಲ್ಲರೂ ದಂಡೆಗೆ ಹೋದೆವು.

ಹುಲ್ಲಿನ ನಡುವೆ, ಮೊಣಕಾಲೂ ಮುಳುಗದ ನೀರಿನಲ್ಲಿ, ಮೀಸೆ ಮೀನುಗಳು. ಬೆನ್ನುಗಳು ನೀರಿನಿಂದ ಹೊರಗೆ ಕಾಣುತ್ತಿದ್ದವು. ಒಂದರ ಮೈಗೆ ಒಂದು ಸುತ್ತಿಕೊಂಡು, ಬಾಲದಿಂದ ಹುಲ್ಲು ಬಡಿಯುತ್ತ, ಮೊಟ್ಟೆ ಇಡುತ್ತಿದ್ದವು. ಹುಲ್ಲಿನ ದಂಟುಗಳಿಗೆ ನವಣೆಕಾಳಿನಂತೆ ಮೊಟ್ಟೆ ಅಂಟಿಕೊಂಡಿತ್ತು. ತಿಂಗಳಾನುಗಟ್ಟಲೆ ನಾನು ಉಸಿರು ಬಿಗಿಹಿಡಿದು ಒಂದೊಂದನ್ನೇ ಹುಡುಕಿ ಹೊಡೆದಿದ್ದೆ. ಈಗ ಅವೆಲ್ಲ ಬಾವಿ ಬಿಟ್ಟು ನಮ್ಮ ಕಾಲ ಬುಡಕ್ಕೆ ಬಂದಿದ್ದವು. ಈಟಿಯೂ ಬೇಕಿರಲಿಲ್ಲ, ಒಂದು ಬಡಿಗೆ ಸಾಕಿತ್ತು.

"ಬಸರಿ ಅದಾವ, ನೆಟ್ಟ ನೋಡಬ್ಯಾಡ್ರಿ, ದೃಷ್ಟಿ ಆಗತೈತಿ," ಎಂದು ಶಾಂತವ್ವಾಯಿ ಸೆರಗಿನ ಗಂಟು ಬಿಚ್ಚಿ ಅರಿಸಿನ ಕುಂಕುಮ ನೀರಿಗೆ ಬಿಟ್ಟಳು.

ನಾನು ದಸ್ತಗೀರನ ಪಕ್ಕಕ್ಕೆ ಹೋದೆ. ಮಳೆಗೆ ಅವನ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಕೈ ಹಾಕಿದ್ರ ಸಿಗತಾವ," ಅಂದೆ.

"ಸಿಗತಾವ."

"ಹಾಕಲೇನು?"

ಅವನು ಕಟ್ಟೆಯ ಮೇಲಿನ ಬಲೆಗಳ ಕಡೆ ನೋಡಿದ. ಹೊದಿಸಿದ್ದ ಪ್ಲಾಸ್ಟಿಕ್ಕಿನ ಮೇಲೆ ಮಳೆ ಬೀಳುತ್ತಿತ್ತು.

"ನಮ್ಮಪ್ಪ ಇಲ್ಲಿ ನಿಂತಿದ್ರ ನೀ ಇದನ್ನ ಕೇಳತಿದ್ದಿ ಏನು?"

ನಾನು ನೀರಿನಿಂದ ಹಿಂದೆ ಸರಿದೆ. ಊರಿಗೆ ಊರೇ ದಂಡೆಯ ಮೇಲೆ ಮಳೆಯಲ್ಲಿ ನೆನೆಯುತ್ತ, ತನ್ನ ಕೆರೆಯನ್ನು ತಿನ್ನಲಿರುವವು ಹುಟ್ಟುವುದನ್ನು ನೋಡುತ್ತ ನಿಂತಿತು. ಒಂದಿಬ್ಬರು ಕೈ ಮುಗಿದರು. ಮೀನುಗಳು ನಮ್ಮನ್ನು ಲೆಕ್ಕಕ್ಕೇ ಇಡಲಿಲ್ಲ. ಬಿಸಿಲು ಬಂದ ಮೇಲೆ ನಿಧಾನಕ್ಕೆ ತಿರುಗಿ ಒಳಗೆ ಹೋದವು.

ಅಮಾವಾಸ್ಯೆ ಕಳೆದ ಮರುದಿನವೇ ಈಟಿ ಎತ್ತಿಕೊಂಡು ಇಳಿದೆ. ನೀರು ಇನ್ನೂ ಕೆಂಪಗಿತ್ತು. ನನ್ನ ಮೊಣಕೈಯೇ ನನಗೆ ಕಾಣಲಿಲ್ಲ. ನೀರು ತಿಳಿಯಾಗಲು ಮಹಾನವಮಿ ಬರಬೇಕಾಯಿತು. ಆ ನಡುವೆ ಸಂಘದವರು ಕೊನೆಯ ಸಲ ರೋಹು ಮರಿ ತಂದು ಬಿಟ್ಟರು. ಡ್ರಮ್ಮಿನಿಂದ ಬಿಟ್ಟ ಕಡೆಯಲ್ಲೇ ನೀರು ಕುದಿಯತೊಡಗಿತು. ಬೆರಳುದ್ದದ ಕಪ್ಪು ಮೀಸೆ ಮರಿಗಳು ದೊಡ್ಡವಕ್ಕಿಂತ ಹೊಟ್ಟೆಬಾಕವಾಗಿದ್ದವು. ದಸ್ತಗೀರ ಖಾಲಿ ಡ್ರಮ್ಮನ್ನು ತಲೆಕೆಳಗಾಗಿ ಹಿಡಿದುಕೊಂಡು ಬಹಳ ಹೊತ್ತು ನೀರಿನಲ್ಲೇ ನಿಂತಿದ್ದ.

ನೀರು ತಿಳಿಯಾದ ಮೇಲೆ ನಾನು ಕಂಡದ್ದು ಕಪ್ಪು ಮೋಡ. ಜಾಲಿಯ ಪ್ರತಿ ಬೊಡ್ಡೆಯ ಬುಡದಲ್ಲೂ ಮರಿಗಳ ಮೋಡ ನಿಂತಿತ್ತು. ಈಟಿ ಬಿಟ್ಟರೆ ಮೋಡ ಎರಡಾಗುತ್ತಿತ್ತು, ಸರಳು ಖಾಲಿ ಹೋಗುತ್ತಿತ್ತು, ಮೋಡ ಮತ್ತೆ ಕೂಡಿಕೊಳ್ಳುತ್ತಿತ್ತು. ಮೊಳದುದ್ದದ ಮೀನಿಗೆ ಮಾಡಿದ ಆಯುಧ ಅದು. ಹೊಗೆಗೆ ಈಟಿ ಎಸೆದ ಹಾಗಾಯಿತು ನನ್ನ ಕೆಲಸ.

ದೊಡ್ಡವನ್ನಾದರೂ ಮುಗಿಸೋಣ ಎಂದು ಬಾವಿಗೆ ಇಳಿದೆ. ನೆಗಡಿಯಾಗಿತ್ತು, ದಸ್ತಗೀರ ಬೇಡವೆಂದ. ನಾನು ಕೇಳುವವನಲ್ಲ. ಕೆರೆಯ ತಳ ಮುಟ್ಟಿ, ಬಾವಿಯ ಬಾಯಿ ಹಿಡಿದು, ಒಳಗೆ ತಲೆ ಹಾಕಿದೆ. ಕಲ್ಲುಗಳು ಕೈಗೆ ಗುರುತು ಸಿಕ್ಕವು; ವರ್ಷಗಳ ಹಿಂದೆ ಕಾಲಿಟ್ಟು ಇಳಿದ ಅದೇ ಚಾಚುಗಲ್ಲುಗಳು. ಮೂರನೆಯ ಕಲ್ಲು ದಾಟಿದೆನೋ ಇಲ್ಲವೋ, ಎಡಗಿವಿಯೊಳಗೆ ಬಟ್ಟೆ ಹರಿದ ಸದ್ದಾಯಿತು. ತಣ್ಣನೆಯ ನೀರು ತಲೆಯೊಳಗೆ ಹೊಕ್ಕಿತು. ಬಾವಿ ಗಿರ್ರನೆ ತಿರುಗಿತು. ಮೇಲೆ ಯಾವುದು, ಕೆಳಗೆ ಯಾವುದು, ತಿಳಿಯಲಿಲ್ಲ. ಕತ್ತಲೆ ನಾಲ್ಕೂ ಕಡೆ ಒಂದೇ ಆಗಿತ್ತು. ಅಪ್ಪ ಕಲಿಸಿದ್ದು ನೆನಪಾಯಿತು. ಉಳಿದ ಉಸಿರಿನಲ್ಲಿ ಸ್ವಲ್ಪ ಹೊರಗೆ ಬಿಟ್ಟೆ. ಗುಳ್ಳೆಗಳು ನನ್ನ ಗಲ್ಲಕ್ಕೆ ತಾಕಿ ಒಂದು ಕಡೆ ಹೋದವು. ಕಣ್ಣು ಮುಚ್ಚಿ ಅವುಗಳ ಹಿಂದೆ ಹೋದೆ. ಈಟಿ ಯಾವಾಗ ಕೈಬಿಟ್ಟಿತೋ ಗೊತ್ತಿಲ್ಲ. ಅದು ಇನ್ನೂ ಆ ಬಾವಿಯಲ್ಲೇ ಇದೆ.

ದೀಪಾವಳಿಗೆ ದಸ್ತಗೀರ ಅಪ್ಪನ ಬಲೆ ಹಾಕಿದ. ನಾನು ಕಿವಿಗೆ ಹತ್ತಿ ತುರುಕಿಕೊಂಡು ದಂಡೆಯಲ್ಲಿ ಕುಳಿತಿದ್ದೆ. ಬಲೆ ಭಾರವಾಗಿ ಬಂತು. ಎಳೆಯುವವರ ಮುಖ ಅರಳಿತು. ದಂಡೆಗೆ ಬಂದಾಗ ಅದರಲ್ಲಿ ಮೀಸೆಗಳೇ ಇದ್ದವು, ಗೇಣುದ್ದದವು, ಒಂದರ ಮೇಲೊಂದು ಜಾರುತ್ತ. ಒಂದೆರಡು ಕಾಟ್ಲಾ, ರೋಹು ಬಿದ್ದಿದ್ದವು, ಬಾಲವಿಲ್ಲದವು. ಯಾರೂ ಬೈದಾಡಲಿಲ್ಲ. ದಸ್ತಗೀರ ಬಲೆ ಬಿಡಿಸಿ, ತೊಳೆದು, ಶ್ರಾವಣಕ್ಕೆ ಮಡಿಸಿದಷ್ಟೇ ನೀಟಾಗಿ ಮಡಿಸಿದ. ಬೇಸಿಗೆ ಬರುವುದರೊಳಗೆ ಕೆರೆ ಹೊರಗಿನ ಗುತ್ತಿಗೆದಾರನ ಪಾಲಾಯಿತು. ಸಂಘದ ಮನೆಗಳವರು ಸಿಕ್ಕ ಕೆಲಸ ಹಿಡಿದರು. ದಸ್ತಗೀರ ತಿಕೋಟಾದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಸೇರಿದ. ಮೋಟಾರಿನ ಅಂಗಡಿಯವರು ನನ್ನನ್ನು ತಿರುಗಿ ಕರೆದರು. ತಂತಿ ಸುತ್ತುವ ಕೈಗೆ ಕಿವಿ ಬೇಕಿಲ್ಲವಲ್ಲ.

ಹೋದ ವಾರ ಪಂಕ್ಚರ್ ಅಂಗಡಿಯ ಮುಂದೆ ಹೀಗೆ ಕುಳಿತಿರುವಾಗಲೇ ದಸ್ತಗೀರ ಬಂದ. ಪೇಟೆಗೆ ಬಂದರೆ ನನ್ನನ್ನು ನೋಡದೆ ಹೋಗುವುದಿಲ್ಲ. ಒಂದು ಪೊಟ್ಟಣ ಒಣದ್ರಾಕ್ಷಿ ನನ್ನ ತೊಡೆಯ ಮೇಲಿಟ್ಟು, ಎಂದಿನಂತೆ ನನ್ನ ಬಲಗಡೆ ಕುಳಿತ. ಕೆರೆ ಹೋದ ಮೇಲೆ ಇಷ್ಟು ವರ್ಷ ನಾವು ಅದರ ಮಾತು ಎತ್ತಿದವರಲ್ಲ. ಮಕ್ಕಳು, ದ್ರಾಕ್ಷಿ, ಮೊಣಕಾಲು ನೋವು, ಇಷ್ಟೇ. ಅವತ್ತು ಎತ್ತಿದ.

"ಮೊನ್ನಿ ಜೈನಾಪುರಕ್ಕ ಹೋಗಿದ್ನಿ. ಶಾಂತವ್ವಾಯಿ ಸಿಕ್ಕಿದ್ಳು."

"ಹೆಂಗದಾಳ?"

"ಬಾಯಿ ಹಂಗ ಐತಿ." ಅವನು ಮುಂದುವರಿಸಿದ. "ಗುತ್ತಿಗಿ ಮಂದಿ ಶ್ರಾವಣ ಗಿರಾವಣ ಏನೂ ಹಿಡಿಯೂದಿಲ್ಲ. ಹೋದ ವರ್ಷ ಆ ತಿಂಗಳ ಪೂರಾ ಹೊಡದಾರ. ಹುಲ್ಲಿಗೆ ಬಂದದ್ದನ್ನ ಬಡಿಗಿಲೆ ಬಡದು, ಹುಲ್ಲ ಸುದ್ದಾ ಕೊಯ್ದು ಸುಟ್ಟಾರಂತ. ಒಂದು ತತ್ತಿ ಬಿಟ್ಟಿಲ್ಲ."

"ಮತ್ತ?"

"ಮತ್ತೇನು. ಈಗ ಬಲಿ ಎಳದ್ರ ಬರೇ ಮೀಸಿ ಮೀನ. ಪೈಪಿನ ನೀರ ಬಂದಾಗೊಮ್ಮೆ ಹೊಸಾವು ಬರತಾವಂತ. ನಾವು ಅವತ್ತ ಹೊಡದಿದ್ರೂ ಅಷ್ಟ ಇತ್ತು, ಸಂಗಪ್ಪ."

ಅವನು ನನಗೆ ಸಮಾಧಾನವಾಗಲಿ ಎಂದೇ ಹೇಳಿದ್ದು. ಅದನ್ನು ಹೇಳುವುದಕ್ಕೇ ತಿಕೋಟಾದಿಂದ ಬಂದಿದ್ದನೋ ಏನೋ. ಆದರೆ ನಾನು ಇಷ್ಟು ವರ್ಷ ಒಂದು ಮಾತನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ಆ ಬೆಳಿಗ್ಗೆ ಮಳೆಯಲ್ಲಿ ಕೆರೆ ನಮ್ಮ ಕೈಯಲ್ಲಿತ್ತು, ನಾವಾಗಿ ಬಿಟ್ಟೆವು. ನನ್ನ ಉಸಿರಿಗೆ, ನನ್ನ ಈಟಿಗೆ ಸೋಲಿರಲಿಲ್ಲ. ಒಂದು ತಿಂಗಳು ಇಳಿಸಿಟ್ಟದ್ದಕ್ಕೆ ಸೋತೆವು. ಆ ಮಾತಿನ ಮೇಲೆ ಒರಗಿ ನಾನು ದಿನ ದೂಡಿದ್ದೆ. ಕೇಳದ ಕಿವಿಗೂ ಅದರಲ್ಲಿ ಒಂದು ಅರ್ಥವಿತ್ತು. ಅವನ ಸಮಾಧಾನ ನನ್ನಿಂದ ಕಿತ್ತುಕೊಂಡದ್ದು ಅದನ್ನೇ.

ಮುದುಕ ಟ್ಯೂಬು ತಿರುಗಿಸಿ ಮತ್ತೆ ನೀರಿನಲ್ಲಿ ಅದ್ದಿದ. ಗುಳ್ಳೆಗಳು ಎದ್ದವು.

"ಏನಂದಿ?" ಅಂದೆ. "ಗಾಡಿ ಸಪ್ಪಳದಾಗ ಕೇಳಿಸಲಿಲ್ಲ."

ದಸ್ತಗೀರ ಹತ್ತಿರ ಸರಿದ. ನನ್ನ ಭುಜದ ಮೇಲೆ ಕೈಯಿಟ್ಟು, ಬಲಗಿವಿಗೆ ಬಾಯಿ ತಂದು, ಗುತ್ತಿಗೆಯವರು ಶ್ರಾವಣ ಹಿಡಿಯದ್ದು, ಬಡಿಗೆಯಿಂದ ಬಡಿದದ್ದು, ಹುಲ್ಲು ಸುಟ್ಟದ್ದು, ಆದರೂ ಬಲೆ ತುಂಬ ಮೀಸೆ ಮೀನೇ ಬಂದದ್ದು, ಎಲ್ಲವನ್ನೂ ಮೊದಲಿನಿಂದ, ನಿಧಾನವಾಗಿ, ಬಿಡಿಸಿ ಹೇಳಿದ. ನಾನು ತಲೆಯಾಡಿಸುತ್ತ ಕೇಳಿದೆ.

ಮೊದಲ ಸಲವೇ ನನಗೆ ಚೆನ್ನಾಗಿ ಕೇಳಿಸಿತ್ತು.